ಅಂಗಳ ಗುಡಿಸುವವರನ್ನು ಕೇಳಿ ನಿರ್ಧರಿಸೋಣ

(ಶಿವಮೊಗ್ಗದಲ್ಲಿ ದೇವಸ್ಥಾನ, ಚರ್ಚು, ಮಸೀದಿ, ಬಸದಿಗಳ ಆಡಳಿತ ಸಮಿತಿಯವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನನಗೆ ಇಂದು ಎರಡು ವಿಷಯಗಳನ್ನು ಕೊಟ್ಟಿದ್ದಾರೆ. ಧಾರ್ಮಿಕ ಸಂಸ್ಥೆಗಳು ನೆಲ, ಜಲ, ಕಾಡುಗಳಿಗಾಗಿ ಏನು ಮಾಡಬಹುದು ಎಂಬುದು ಒಂದು; ಆ ಸಂಸ್ಥೆಗಳಲ್ಲಿ ದುಡಿಯುವ ಅಡುಗೆಯವರು, ಪಾತ್ರೆ ತೊಳೆಯುವವರು, ಕಸ ಗುಡಿಸುವವರು, ಹೂ ಕಟ್ಟುವವರು, ಕಾವಲುಗಾರರು ಇವರನ್ನೆಲ್ಲ ಹೇಗೆ ಗೌರವಿಸಬೇಕು ಎಂಬುದು ಇನ್ನೊಂದು. ಅರ್ಧ ಗಂಟೆ ಇದಕ್ಕೆ, ಅರ್ಧ ಗಂಟೆ ಅದಕ್ಕೆ ಎಂದು ನಾನು ಹಂಚಿಕೊಂಡು ಮಾತನಾಡುವುದಿಲ್ಲ, ಏಕೆಂದರೆ ನನ್ನ ಮಟ್ಟಿಗೆ ಇವು ಒಂದೇ ವಿಷಯ. ಜಾತ್ರೆಯಲ್ಲಿ ಪ್ಲಾಸ್ಟಿಕ್ ಬೇಡ ಎಂಬ ಠರಾವನ್ನು ಸಮಿತಿ ಹತ್ತು ನಿಮಿಷದಲ್ಲಿ ಪಾಸು ಮಾಡುತ್ತದೆ. ಆದರೆ ಆ ಠರಾವನ್ನು ಜಾತ್ರೆಯ ಅಷ್ಟೂ ದಿನ ಕೈಯಿಂದ ಮಾಡಿ ತೋರಿಸಬೇಕಾದವರು ಆ ಸಭೆಯಲ್ಲಿ ಇರುವುದೇ ಇಲ್ಲ. ಅವರು ಆ ಹೊತ್ತಿಗೆ ಹಿಂದಿನ ದಿನದ ಪಾತ್ರೆ ತೊಳೆಯುತ್ತಿರುತ್ತಾರೆ. ನಮ್ಮ ಪರಿಸರದ ಸಂಕಲ್ಪಗಳು ಒಂದೆರಡು ವರ್ಷದಲ್ಲಿ ಸೊರಗಿ ಹೋಗುವುದಕ್ಕೆ ಇದೇ ದೊಡ್ಡ ಕಾರಣ ಎಂದು ನಾನು ತಿಳಿದಿದ್ದೇನೆ.

ಮಲೆನಾಡಿನವರಾದ ನಮಗೆ ದೇವರು ಮತ್ತು ಕಾಡು ಒಟ್ಟಿಗಿರುವುದು ಹೊಸ ಮಾತಲ್ಲ. ಚೌಡಿಬನ, ನಾಗಬನ, ಭೂತನ ಬನ ಇಲ್ಲದ ಊರು ನಮ್ಮಲ್ಲಿ ಕಡಿಮೆ. ಸೊರಬ, ಸಾಗರ, ಪಕ್ಕದ ಸಿದ್ದಾಪುರದ ಕಡೆಗೆ ಹೋದರೆ ಕಾನುಗಳಿವೆ. ಕೊಡಲಿ ಹಾಕಬಾರದು ಎಂಬ ಕಟ್ಟಿನಿಂದ ಉಳಿದುಕೊಂಡ ದಟ್ಟ ಕಾಡುಗಳು ಅವು, ಕೆಳಗಿನ ಗದ್ದೆ ತೋಟಗಳಿಗೆ ಬೇಸಗೆಯಲ್ಲೂ ನೀರು ಇಳಿಸುವ ಹಳ್ಳಗಳು ಅಲ್ಲಿಂದಲೇ ಹುಟ್ಟುತ್ತವೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಮರದ ಬೇರುಗಳು ಕೆಸರಿನಿಂದ ಮಂಡಿ ಎತ್ತಿ ಉಸಿರಾಡುವ ಜಾಗದಲ್ಲಿ, ಗೇರು ಕುಟುಂಬಕ್ಕೆ ಸೇರಿದ ಒಂದು ಮರವನ್ನು ವಿಜ್ಞಾನಿಗಳು 2000ದಲ್ಲಿ ಹೊಸ ಪ್ರಭೇದವೆಂದು ಗುರುತಿಸಿ ಅದಕ್ಕೆ ಆ ಕಾನಿನ ಹೆಸರನ್ನೇ ಸೇರಿಸಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕರೆದರು. ಶೃಂಗೇರಿ ಮಠದ ಸ್ನಾನಘಟ್ಟದಲ್ಲಿ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯಲ್ಲಿ ತುಂಗೆಯ ಮಹಶೀರ್ ಮೀನುಗಳು ಇಂದಿಗೂ ನಿರ್ಭಯವಾಗಿ ಓಡಾಡುತ್ತಿವೆ ಎಂದರೆ ಅದಕ್ಕೂ ದೇವರ ಮೀನು ಎಂಬ ಭಾವನೆಯೇ ಕಾರಣ. ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆಯಲ್ಲಿ ದರ್ಗಾ ಮತ್ತು ಭೂತರಾಯ, ಚೌಡೇಶ್ವರಿಯರ ಸನ್ನಿಧಿ ಒಂದೇ ಕಡೆ, ಅದೂ ಕಾಡಿನ ನಡುವೆಯೇ ಇರುವುದನ್ನು ನೀವೆಲ್ಲ ನೋಡಿದ್ದೀರಿ.

ಈ ಬನ, ಕಾನುಗಳನ್ನು ಕಾದವರು ಯಾರು? ಶಾಸನಗಳಲ್ಲಿ ದಾನ ಕೊಟ್ಟವರ ಹೆಸರಿದೆ. ಬನಕ್ಕೆ ಬೆಂಕಿ ಬೀಳದಂತೆ ಬೇಸಗೆಯಲ್ಲಿ ಸುತ್ತ ದರಗು, ಅಂದರೆ ಉದುರಿದ ಒಣ ಎಲೆ, ಸರಿಸಿದವರ, ದನ ನುಗ್ಗದಂತೆ ಬೇಲಿ ಕಟ್ಟಿದವರ ಹೆಸರು ಎಲ್ಲಿಯೂ ಇಲ್ಲ. ಆ ಕೆಲಸ ತಲೆಮಾರಿನಿಂದ ತಲೆಮಾರಿಗೆ ಕೆಲವೇ ಮನೆತನಗಳಲ್ಲಿ ನಡೆದುಬಂತು. ಬಹಳ ಕಡೆ ಅವರನ್ನು ಬನದ ಕಲ್ಲಿನವರೆಗೆ ಬಿಟ್ಟು, ಗುಡಿಯ ಬಾಗಿಲಿನಿಂದ ಹೊರಗೆ ಇಟ್ಟೆವು. ಇದನ್ನು ನೆನೆಯದೆ ನಮ್ಮ ಹಿರಿಯರು ಪರಿಸರವನ್ನು ಪೂಜಿಸಿದರು ಎಂದಷ್ಟೇ ಹೇಳಿ ಹೆಮ್ಮೆಪಡುವುದು ಅರ್ಧ ಸತ್ಯವಾಗುತ್ತದೆ.

ಈಗ ಜೀರ್ಣೋದ್ಧಾರದ ಹೆಸರಿನಲ್ಲಿ ಬನಗಳು ಹೇಗೆ ಬದಲಾಗುತ್ತಿವೆ ಎಂಬುದರ ಬಗ್ಗೆ ಒಂದು ಮಾತು. ಮರ ಕಡಿದು ಕಾಂಕ್ರೀಟ್ ಗುಡಿ, ಸುತ್ತಲೂ ಇಂಟರ್‌ಲಾಕ್ ಹಾಸು. ನಾನು ಇದನ್ನು ಒಪ್ಪುವುದಿಲ್ಲ. ಮಳೆನೀರು ಇಂಗುವ ಜಾಗವನ್ನು ಮುಚ್ಚಿ ನಾಗನಿಗೆ ಹಾಲೆರೆಯುವುದರಲ್ಲಿ ಅರ್ಥವಿಲ್ಲ. ಆದರೆ ಇದೇ ಮಾತನ್ನು ಒಂದು ದೇವಸ್ಥಾನದಲ್ಲಿ ಹೇಳಿದಾಗ ಅಲ್ಲಿ ಅಂಗಳ ಗುಡಿಸುವ ಹೆಂಗಸು ನನ್ನ ಮಾತಿಗೆ ತಲೆದೂಗಲಿಲ್ಲ. ಮಣ್ಣಿನ ಅಂಗಳವಾದರೆ ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಸಗಣಿ ಸಾರಿಸುವ ಕೆಲಸ ಮತ್ತೆ ತನ್ನ ತಲೆಗೇ ಬರುತ್ತದೆ ಎಂದು ಅವರು ಹೇಳಿದರು. ಅದು ನ್ಯಾಯವಾದ ಮಾತು. ಕೊನೆಗೆ ಅಲ್ಲಿಯ ಸಮಿತಿಯವರು ಅವರನ್ನೇ ಕರೆದುಕೊಂಡು ಅಂಗಳ ಸುತ್ತಿ, ಜನ ನಡೆಯುವ ದಾರಿಗೆ ಮಾತ್ರ ಜಂಬಿಟ್ಟಿಗೆ ಕಲ್ಲು ಹಾಸಿ, ಬನದ ಬುಡವನ್ನು ಹಾಗೆಯೇ ಬಿಟ್ಟರು. ಅಲ್ಲಿ ಉದುರುವ ಎಲೆಯನ್ನು ಗುಡಿಸಬೇಕಾಗಿಲ್ಲ ಎಂದೂ ತೀರ್ಮಾನವಾಯಿತು. ಮರಕ್ಕೂ ಒಳ್ಳೆಯದಾಯಿತು, ಅವರ ಸೊಂಟಕ್ಕೂ ಒಳ್ಳೆಯದಾಯಿತು.

ನಮ್ಮ ನಮ್ಮ ಧರ್ಮಗಳು ಈ ಎರಡನ್ನೂ ಬೇರೆ ಮಾಡಿ ನೋಡಿಲ್ಲ ಎಂಬುದನ್ನು ನಾವು ಗಮನಿಸಬೇಕು. ಕ್ರೈಸ್ತ ಬಂಧುಗಳು ಬೈಬಲ್ಲಿನ ವಿಮೋಚನಕಾಂಡದ 23ನೆಯ ಅಧ್ಯಾಯವನ್ನು ತೆಗೆದು ನೋಡಿದರೆ, ಆರು ವರ್ಷ ಬಿತ್ತಿದ ಹೊಲವನ್ನು ಏಳನೆಯ ವರ್ಷ ಬೀಳು ಬಿಡಬೇಕು ಎಂಬ ಕಟ್ಟಳೆಯ ಬೆನ್ನಿಗೇ, ಏಳನೆಯ ದಿನ ಎತ್ತು ಕತ್ತೆಗಳಿಗೂ ಮನೆಯ ಆಳಿಗೂ ಪರದೇಶದಿಂದ ಬಂದವನಿಗೂ ವಿಶ್ರಾಂತಿ ಸಿಗಬೇಕು ಎಂಬ ಕಟ್ಟಳೆ ಇದೆ. ನೆಲದ ದಣಿವು ಮತ್ತು ಆಳಿನ ದಣಿವು ಅಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ. ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಹೊರಡಿಸಿದ ಲೌದಾತೋ ಸಿ ಎಂಬ ವಿಶ್ವಪತ್ರದಲ್ಲಿಯೂ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಿಸಿಕೊಳ್ಳಬೇಕು ಎಂದಿದ್ದಾರೆ. ಹರಿಯುವ ನದಿಯ ದಡದಲ್ಲಿ ಕುಳಿತು ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಜೂ ಮಾಡುವಾಗಲೂ ನೀರನ್ನು ಪೋಲು ಮಾಡಬೇಡಿ ಎಂದು ಹೇಳಿದ ಪ್ರವಾದಿಯವರೇ ಕೂಲಿಯವನ ಬೆವರು ಆರುವ ಮುಂಚೆ ಅವನ ಕೂಲಿ ಕೊಡಿ ಎಂದೂ ಹೇಳಿದ್ದಾರೆಂಬುದು ಮುಸ್ಲಿಂ ಬಂಧುಗಳಿಗೆ ನಾನು ತಿಳಿಸಬೇಕಾದದ್ದೇನೂ ಅಲ್ಲ.

ಇನ್ನು ನಮ್ಮ ಜಿಲ್ಲೆಯದೇ ಒಂದು ಹೆಸರು. ಹನ್ನೆರಡನೆಯ ಶತಮಾನದ ಶರಣ ಶರಣೆಯರಲ್ಲಿ ಉಡುತಡಿಯ ಅಕ್ಕಮಹಾದೇವಿಯನ್ನು, ಬಳ್ಳಿಗಾವಿಯ ಅಲ್ಲಮನನ್ನು ನಾವು ಕೂಡಲೇ ನೆನೆಯುತ್ತೇವೆ. ಅದೇ ಶಿಕಾರಿಪುರ ತಾಲ್ಲೂಕಿನ ಹಿರೇಜಂಬೂರಿನ ಸತ್ಯಕ್ಕನನ್ನು ಅಷ್ಟಾಗಿ ನೆನೆಯುವುದಿಲ್ಲ. ಸತ್ಯಕ್ಕನ ಕಾಯಕ ಶಿವಭಕ್ತರ ಮನೆಯಂಗಳ ಗುಡಿಸುವುದು. ಶಂಭುಜಕ್ಕೇಶ್ವರ ಎಂಬ ಅಂಕಿತದಲ್ಲಿ ಆಕೆ ವಚನಗಳನ್ನು ಬರೆದಳು. ದಾರಿಯಲ್ಲಿ ಚಿನ್ನವೋ ಬಟ್ಟೆಯೋ ಬಿದ್ದಿದ್ದರೂ ಕೈಯಿಂದ ಮುಟ್ಟಿ ಎತ್ತುವುದಿಲ್ಲ, ಲಂಚಕ್ಕೆ ವಂಚನೆಗೆ ಕೈ ಒಡ್ಡುವುದಿಲ್ಲ ಎಂಬುದು ಆಕೆಯ ಭಾಷೆ. ಬೀದಿ ಗುಡಿಸುವ ಹೆಂಗಸಿನ ಕಣ್ಣಿಗೆ ಮಾತ್ರ ಬೀಳುವ ಆಸೆಗಳು ಇವು ಎಂಬುದನ್ನು ಯೋಚಿಸಿ. ಬಿದ್ದುಹೋದ ಉಂಗುರ, ಓಲೆ ಮೊದಲು ಸಿಗುವುದು ಪೊರಕೆ ಹಿಡಿದವರಿಗೆ. ತನ್ನ ದಿನದ ಕೆಲಸದ ಒಳಗಿನಿಂದಲೇ ಆಕೆ ತನ್ನ ನೇಮವನ್ನು ಕಟ್ಟಿಕೊಂಡಳು, ಅಂದಿನ ಶರಣರು ಆಕೆಯನ್ನು ತಮ್ಮ ಸಮಾನಳೆಂದು ಕಂಡರು. ಅಂಗಳ ಗುಡಿಸುವವಳ ಮಾತು ಧರ್ಮದ ಮಾತಾಗಿ ನಿಂತ ಜಿಲ್ಲೆ ನಮ್ಮದು. ಇಂದು ನಮ್ಮ ಎಷ್ಟು ಸಂಸ್ಥೆಗಳ ಸಮಿತಿಯಲ್ಲಿ ಗುಡಿಸುವವರೊಬ್ಬರು ಬಾಯಿ ಬಿಟ್ಟು ಮಾತನಾಡಲು ಅವಕಾಶವಿದೆ ಎಂದು ನಾನು ಕೇಳುತ್ತಿದ್ದೇನೆ, ಈ ಪ್ರಶ್ನೆಯನ್ನು ದಯವಿಟ್ಟು ನಿಮ್ಮ ಊರಿಗೆ ಕೊಂಡೊಯ್ಯಿರಿ.

ಈಗ ಭೋಜನಶಾಲೆಯ ಹಿಂಭಾಗಕ್ಕೆ ಬನ್ನಿ. ಮುಂಭಾಗವನ್ನು ನಾವು ಎಲ್ಲರೂ ಬಲ್ಲೆವು.

ಕೆಲವು ವರ್ಷಗಳ ಹಿಂದೆ ಒಂದು ದೇವಸ್ಥಾನದಲ್ಲಿ ಥರ್ಮೋಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟ ನಿಲ್ಲಿಸಿ ಸ್ಟೀಲಿಗೆ ಬದಲಾದರು. ಎಲ್ಲರೂ ಕೊಂಡಾಡಿದರು, ಕೊಂಡಾಡಬೇಕಾದ ಕೆಲಸವೇ ಅದು. ಆದರೆ ಎರಡು ಸಾವಿರ ಜನ ಉಂಡರೆ ಎರಡು ಸಾವಿರ ತಟ್ಟೆ, ಎರಡು ಸಾವಿರ ಲೋಟ. ಅವನ್ನು ತೊಳೆಯುವ ಜಾಗ ಮೊದಲಿನಂತೆಯೇ ಉಳಿಯಿತು: ನೆಲದಿಂದ ಒಂದು ಮೊಳ ಎತ್ತರದಲ್ಲಿ ನಲ್ಲಿ, ಸುತ್ತ ಅರ್ಧ ಅಡಿಯ ಕಟ್ಟೆ, ನೀರು ಹೋಗಲು ಗಿಡದ ಬುಡಕ್ಕೆ ಒಂದು ತೋಡು. ಮೂವರು ಹೆಂಗಸರು ಕುಕ್ಕರಗಾಲಿನಲ್ಲಿ ಕುಳಿತು ತಟ್ಟೆ ಉಜ್ಜುತ್ತಿದ್ದರು. ಎಂಜಲು ತಟ್ಟೆಗಳ ರಾಶಿ ಅವರ ತಲೆಗಿಂತ ಎತ್ತರಕ್ಕೆ ಬೆಳೆದಿತ್ತು. ಸಾರಿನ ಜಿಡ್ಡು ತಣ್ಣೀರಿಗೆ ಬಿಡುವುದಿಲ್ಲವಾದ್ದರಿಂದ ಸೋಪಿನ ಪುಡಿಯನ್ನು ಮುಷ್ಟಿಗಟ್ಟಲೆ ಹಾಕುತ್ತಿದ್ದರು. ಬೆರಳಿನ ಸಂದುಗಳಲ್ಲಿ ಚರ್ಮ ಬೆಳ್ಳಗೆ ಉಬ್ಬಿ ಸುಲಿದಿತ್ತು. ಆ ನೊರೆನೀರು ತೋಡಿನ ಗುಂಟ ಇಳಿದು ಕೆಳಗಿನ ಹಳ್ಳಕ್ಕೆ ಸೇರುತ್ತಿತ್ತು. ಪ್ಲಾಸ್ಟಿಕ್ ಹೋದ ಜಾಗಕ್ಕೆ ಸೋಪು ಬಂದಿತ್ತು, ಗುತ್ತಿಗೆಯವನ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದ ಭಾರ ಹೆಂಗಸರ ಬೆನ್ನಿಗೆ ಬಂದಿತ್ತು. ಅವರಲ್ಲಿ ಹಿರಿಯರನ್ನು ಏನು ಆಗಬೇಕು ಹೇಳಿ ಎಂದು ಕೇಳಿದೆ. "ಪ್ಲಾಸ್ಟಿಕ್ ಬಿಡ್ಸಿದ್ದು ಒಳ್ಳೇದೇ ಆತು ಮಾರಾಯ್ರೆ. ನಲ್ಲಿ ಒಂಚೂರು ಎತ್ತರಕ್ಕೆ ಹಾಕ್ಸಕ್ಕೆ ಹೇಳಿ, ನಿಂತ್ಕಂಡು ತೊಳೀತೀವಿ. ಬಿಸ್ನೀರು ಸಿಕ್ರೆ ಇಷ್ಟು ಸೋಪೂ ಬ್ಯಾಡ" ಎಂದರು.

ಆ ಎರಡು ಮಾತಿನಲ್ಲಿ ಪರಿಸರದ ಪರಿಹಾರವೂ ಇತ್ತು, ಅವರ ಆರೋಗ್ಯದ ಪರಿಹಾರವೂ ಇತ್ತು. ಸೊಂಟದೆತ್ತರದ ಕಟ್ಟೆ, ಒಂದರ ಪಕ್ಕ ಒಂದು ಮೂರು ತೊಟ್ಟಿ, ಅಡುಗೆ ಒಲೆಯ ಪಕ್ಕದಲ್ಲಿಯೇ ಒಂದು ಹಂಡೆ ಬಿಸಿನೀರು, ಉಂಡವರು ತಮ್ಮ ತಟ್ಟೆಯ ಎಂಜಲನ್ನು ತಾವೇ ಬಕೆಟ್ಟಿಗೆ ಬಡಿದು ಇಡುವ ಪದ್ಧತಿ, ತೊಳೆದ ನೀರು ಬಾಳೆ ಮತ್ತು ಕೆಸುವಿನ ಗಿಡಗಳ ಬುಡ ಹಾದು ಇಂಗುವ ಒಂದು ಗುಂಡಿ, ಇವಿಷ್ಟಕ್ಕೆ ತಗಲುವ ಖರ್ಚು ಜಾತ್ರೆಯ ಒಂದು ರಾತ್ರಿಯ ಪಟಾಕಿಯ ಖರ್ಚಿಗಿಂತ ಹೆಚ್ಚಾಗಲಿಕ್ಕಿಲ್ಲ. ಅಡಿಕೆ ತೋಟಗಳ ನಾಡಿನಲ್ಲಿ ಹಾಳೆ ತಟ್ಟೆ, ಬಾಳೆ ಎಲೆ ಹೇಗೂ ಇವೆ. ದೊಡ್ಡ ಜಾತ್ರೆಗಳಿಗೆ ಅವೇ ಸರಿ ಎಂದು ನನ್ನ ಅಭಿಪ್ರಾಯ, ದಿನನಿತ್ಯದ ದಾಸೋಹಕ್ಕೆ ಸ್ಟೀಲು. ಆದರೆ ಯಾವುದನ್ನು ಆರಿಸಿಕೊಂಡರೂ ಉಂಡ ಮೇಲೆ ಅದು ಯಾರ ಕೈಗೆ ಹೋಗುತ್ತದೆ, ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕೊನೆಯವರೆಗೆ ನೋಡಿ ನಿರ್ಧರಿಸಬೇಕು.

ಹೂವಿನ ವಿಷಯವೂ ಹೀಗೆಯೇ. ನಿರ್ಮಾಲ್ಯವನ್ನು ಗೊಬ್ಬರ ಮಾಡೋಣ ಎಂದು ಹೇಳುವುದು ಸುಲಭ. ಹಿಂದೆ ಹಾರವನ್ನು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ಇಂದು ಬರುವ ಹಾರದಲ್ಲಿ ನೈಲಾನ್ ದಾರ, ಜರಿ, ಗುಂಡುಸೂಜಿ, ಪ್ಲಾಸ್ಟಿಕ್ ಮಣಿ ಇವೆ. ಹರಕೆಯ ಉಡಿಯ ಜೊತೆಗೆ ಒಡೆದ ಗಾಜಿನ ಬಳೆ, ಕುಂಕುಮದ ಪೊಟ್ಟಣ. ಬಾಡಿದ ಚೆಂಡುಹೂವಿನ ರಾಶಿಗೆ ಬರಿಗೈ ಹಾಕಿ ಇವನ್ನು ಹೆಕ್ಕುವವರು ಯಾರು ಎಂದು ಠರಾವು ಬರೆಯುವಾಗ ಯೋಚಿಸಬೇಕು. ಅದಕ್ಕಿಂತ ಸುಲಭದ ದಾರಿ, ದೇವಸ್ಥಾನದ ಮುಂದಿನ ಹೂವಿನಂಗಡಿಯವರ ಜೊತೆ ಕುಳಿತು, ನಾರು ಅಥವಾ ಹತ್ತಿಯ ದಾರದ ಹಾರವನ್ನಷ್ಟೇ ಗರ್ಭಗುಡಿಗೆ ಸ್ವೀಕರಿಸುತ್ತೇವೆ ಎಂದು ಒಪ್ಪಂದ ಮಾಡಿಕೊಳ್ಳುವುದು. ಅರ್ಚಕರು ಒಂದು ಮಾತು ಹೇಳಿದರೆ ಭಕ್ತರು ಕೇಳುತ್ತಾರೆ. ಗುಡಿಸುವವರು ನೂರು ಸಲ ಹೇಳಿದರೂ ಯಾರೂ ಕೇಳುವುದಿಲ್ಲ. ಹೀಗೆ ಒಬ್ಬರ ಮಾತಿನ ಬಲವನ್ನು ಇನ್ನೊಬ್ಬರ ಕೆಲಸಕ್ಕೆ ಕೊಡುವುದೂ ಸಿಬ್ಬಂದಿಗೆ ತೋರುವ ಗೌರವವೇ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಉಂಟುಮಾಡುವ ಪೂಜಾಸ್ಥಳಗಳನ್ನೂ ಭಾರೀ ಪ್ರಮಾಣದ ತ್ಯಾಜ್ಯ ಉತ್ಪಾದಕರ ಪಟ್ಟಿಗೆ ಸೇರಿಸಿದ್ದವು. ಸಾಗರದ ಮಾರಿಜಾತ್ರೆ, ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಂಥ ದಿನಗಳಲ್ಲಿ ಅಷ್ಟು ಕಸವಾಗಲು ಎಷ್ಟು ಹೊತ್ತು ಬೇಕು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನದಿಯ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ತುಂಗೆಯ ಬಗ್ಗೆ ಈಚೆಗೆ ಜಾಗೃತಿ ಮೂಡಿದೆ, ಶೃಂಗೇರಿಯಿಂದ 2024ರ ನವೆಂಬರಿನಲ್ಲಿ ಪಾದಯಾತ್ರೆಯೇ ಹೊರಟಿತ್ತು. ತುಂಗಾ ಪಾನ ಗಂಗಾ ಸ್ನಾನ ಎನ್ನುವ ನಾವು ಕೂಡ್ಲಿಯ ಸಂಗಮದಲ್ಲಿ, ತೀರ್ಥಹಳ್ಳಿಯ ರಾಮೇಶ್ವರನ ಸನ್ನಿಧಿಯಲ್ಲಿ ಮಿಂದು ಉಟ್ಟ ಬಟ್ಟೆಯನ್ನು ನೀರಿಗೇ ಬಿಡುತ್ತೇವೆ. ಪುಣ್ಯಕ್ಷೇತ್ರಗಳ ನದೀತೀರದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರದಂತೆ, ಬಟ್ಟೆ ಬಿಡದಂತೆ ನೋಡಿಕೊಳ್ಳಬೇಕೆಂದು ರಾಜ್ಯದ ಪರಿಸರ ಸಚಿವರು 2025ರ ಮಾರ್ಚಿನಲ್ಲಿ ಸೂಚಿಸಿದ್ದರು. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪತಿಗೆ ನಿರ್ಬಂಧ ಬಂದು ವರ್ಷಗಳೇ ಆದವು. ಆದರೂ ಕಲ್ಲಿನ ಸಂದಿಗೆ ಸುತ್ತಿಕೊಂಡ ಸೀರೆಯನ್ನು ಎದೆಮಟ್ಟದ ನೀರಿಗಿಳಿದು ಎಳೆಯುವವರು ಇದ್ದೇ ಇದ್ದಾರೆ. ಅವರಿಗೆ ನಾವು ಒಂದು ಹಗ್ಗವನ್ನಾಗಲಿ, ತೇಲುಜಾಕೀಟನ್ನಾಗಲಿ ಕೊಟ್ಟಿದ್ದೇವೆಯೇ? ಶೌಚಗುಂಡಿಯ ವಿಚಾರವನ್ನಂತೂ ಖಡಾಖಂಡಿತವಾಗಿ ಹೇಳುತ್ತೇನೆ: ಯಾತ್ರಿನಿವಾಸದ ಗುಂಡಿ ತುಂಬಿದರೆ ಯಂತ್ರ ಬರಬೇಕು, ಮನುಷ್ಯ ಇಳಿಯಕೂಡದು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ, ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸುವುದನ್ನು ಅಪರಾಧವೆಂದಿದೆ. ಯಾವ ಧರ್ಮದ ಆವರಣದಲ್ಲಿಯೂ ಇದಕ್ಕೆ ರಿಯಾಯಿತಿ ಇಲ್ಲ.

ಮಲೆನಾಡಿಗೇ ವಿಶೇಷವಾದ ಒಂದು ಅಪಾಯವನ್ನು ಇಲ್ಲಿ ಹೇಳಲೇಬೇಕು. ಮಂಗನ ಕಾಯಿಲೆಯನ್ನು ಜಗತ್ತು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗುಗಳು ಒಣ ಎಲೆಯ ನೆಲದಲ್ಲಿರುತ್ತವೆ. ಮಳೆ ನಿಂತ ಮೇಲೆ ಮರಿಗಳು ಹೆಚ್ಚಾಗಿ, ಡಿಸೆಂಬರಿನಿಂದ ಮೇವರೆಗೆ ಕಾಯಿಲೆಯ ಕಾಲ. ನಮ್ಮ ಬಹುಪಾಲು ಜಾತ್ರೆಗಳ ಕಾಲವೂ ಅದೇ. ಜಾತ್ರೆಗೆ ಮುಂಚೆ ಬನದ ದರಗು ಗುಡಿಸಲು, ದಾಸೋಹದ ಒಲೆಗೆ ಕಾಡಿನಿಂದ ಕಟ್ಟಿಗೆ ತರಲು ನಾವು ಯಾರನ್ನು ಕಳಿಸುತ್ತೇವೆ ಎಂದು ನೆನಪು ಮಾಡಿಕೊಳ್ಳಿ. ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ 2018ರ ಕೊನೆಗೆ, 2019ರ ಆರಂಭಕ್ಕೆ ಈ ಕಾಯಿಲೆ ತಂದ ಸಾವುಗಳನ್ನು ನಾವು ಮರೆತಿಲ್ಲ. ಆದ್ದರಿಂದ ಕಾಡಿನ ಅಂಚಿನ ದೇವಸ್ಥಾನದವರು ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನು ಮುಂಚಿತವಾಗಿ ವಿಚಾರಿಸಿ, ಹಚ್ಚಿಕೊಳ್ಳುವ ತೈಲ, ಮೈಮುಚ್ಚುವ ಬಟ್ಟೆ, ಕೆಲಸ ಮುಗಿದ ಮೇಲೆ ಬಿಸಿನೀರಿನ ಸ್ನಾನಕ್ಕೆ ವ್ಯವಸ್ಥೆ ಮಾಡದೆ ಯಾರನ್ನೂ ದರಗಿಗೆ ಕಳಿಸಬಾರದು. ಹತ್ತಿರದಲ್ಲಿ ಮಂಗ ಸತ್ತ ಸುದ್ದಿ ಬಂದರೆ ಆ ವರ್ಷ ಬನವನ್ನು ಗುಡಿಸುವುದೇ ಬೇಡ. ಎಲೆ ಬಿದ್ದಲ್ಲಿಯೇ ಕೊಳೆತರೆ ಬನಕ್ಕೆ ಯಾವ ನಷ್ಟವೂ ಇಲ್ಲ.

ಇಷ್ಟು ಹೇಳಿದ ಮೇಲೆ ಸಿಬ್ಬಂದಿಯನ್ನು ಗೌರವಿಸುವುದು ಎಂದರೇನು ಎಂಬ ಪ್ರಶ್ನೆಗೆ ಬರುತ್ತೇನೆ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಶಾಲು ಹೊದಿಸಿ ಫಲತಾಂಬೂಲ ಕೊಡುವುದನ್ನು ನಾನು ಕಡೆಗಣಿಸುವುದಿಲ್ಲ. ಮೂವತ್ತು ವರ್ಷ ಚರ್ಚಿನ ಗಂಟೆ ಬಾರಿಸಿದವರ, ಮಸೀದಿಯಲ್ಲಿ ವುಜೂ ಮಾಡುವ ಹೌಜು ತೊಳೆದವರ ಹೆಸರನ್ನು ಎಲ್ಲರೆದುರು ಗಟ್ಟಿಯಾಗಿ ಹೇಳುವುದಕ್ಕೆ ಬೆಲೆಯಿದೆ. ಸೆಪ್ಟೆಂಬರ್ 23ನ್ನು ನಮ್ಮ ರಾಜ್ಯದಲ್ಲಿ ಪೌರಕಾರ್ಮಿಕರ ದಿನವಾಗಿ ಆಚರಿಸುತ್ತಾರೆ. ನಿಮ್ಮ ಸಂಸ್ಥೆಯಲ್ಲಿಯೂ ಅಂದೇ ಇಂಥ ಗೌರವ ಸಲ್ಲಿಸಬಹುದು. ಆದರೆ ಶಾಲು ಹೊದ್ದವರಿಗೆ ಮೂರು ತಿಂಗಳ ಸಂಬಳ ಬಾಕಿ ಇದ್ದರೆ ಆ ಶಾಲು ಭಾರವಾಗುತ್ತದೆ. ಗೌರವ ಮೊದಲು ತಿಂಗಳ ಇಂಥ ತಾರೀಖಿನೊಳಗೆ ಕೈಗೆ ಬರುವ, ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದ ಸಂಬಳದಲ್ಲಿ ಕಾಣಬೇಕು. ವಾರಕ್ಕೊಂದು ರಜೆಯಲ್ಲಿ ಕಾಣಬೇಕು. ದೇವರ ಸೇವೆ ಎಂಬ ಮಾತನ್ನು ಸಂಬಳ ಕಡಿತಕ್ಕೆ ಎಂದೂ ಬಳಸಬಾರದು. ಸೇವೆ ಎಂಬುದು ನಾವು ನಮ್ಮ ಮೇಲೆ ಹೊತ್ತುಕೊಳ್ಳುವ ವ್ರತ, ಇನ್ನೊಬ್ಬರ ಮೇಲೆ ಹೊರಿಸುವಂಥದ್ದಲ್ಲ. ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದೇವೆ, ನಮಗೆ ಸಂಬಂಧವಿಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಅಂಗಳ ನಿಮ್ಮದು, ಗುಡಿಸುವವರೂ ನಿಮ್ಮವರೇ.

ಇನ್ನೊಂದು, ಊಟ. ನಮ್ಮ ಎಷ್ಟೋ ಕಡೆ ಅಡುಗೆಯವರು, ಬಡಿಸಿದವರು, ತೊಳೆದವರು ಉಣ್ಣುವುದು ಮಧ್ಯಾಹ್ನ ನಾಲ್ಕಕ್ಕೆ, ಅದೂ ಅಡುಗೆಮನೆಯ ಮೂಲೆಯಲ್ಲಿ, ಪಾಯಸ ಮುಗಿದ ಮೇಲೆ. ಜಾತ್ರೆಯಲ್ಲಿ ಒಂದು ದಿನವಾದರೂ ಅವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ಧರ್ಮದರ್ಶಿಗಳೂ ಪದಾಧಿಕಾರಿಗಳೂ ನಿಂತು ಬಡಿಸಲಿ, ಆಮೇಲೆ ಆ ಪಂಕ್ತಿಯ ಎಲೆಯನ್ನು ತಾವೇ ತೆಗೆಯಲಿ. ಎಲೆ ತೆಗೆಯುವುದನ್ನು ಬಿಡಬೇಡಿ. ಊಟಕ್ಕೆ ಕುಳಿತವರು ಎಷ್ಟು ಅನ್ನ ಬಿಟ್ಟಿದ್ದಾರೆ, ಎಲೆಯೊಳಗೆ ಎಷ್ಟು ನೀರಿನ ಬಾಟಲಿ ಮಡಚಿಟ್ಟಿದ್ದಾರೆ ಎಂಬುದು ಬಗ್ಗಿ ಎತ್ತಿದವರಿಗೆ ಮಾತ್ರ ತಿಳಿಯುತ್ತದೆ, ಹಾಗೆ ತಿಳಿದವರು ಬರೆಯುವ ಠರಾವು ಬೇರೆಯೇ ಆಗಿರುತ್ತದೆ.

ಈಗ ನಿಮ್ಮಲ್ಲಿ ನನ್ನ ಕೋರಿಕೆ. ನಿಮ್ಮ ಮುಂದಿನ ಸಮಿತಿ ಸಭೆಯನ್ನು ಸಿಬ್ಬಂದಿಗೆ ಬಿಡುವಿರುವ ಹೊತ್ತಿನಲ್ಲಿ ಕರೆಯಿರಿ, ಅವರಲ್ಲಿ ಇಬ್ಬರನ್ನಾದರೂ ಕುರ್ಚಿ ಹಾಕಿ ಕೂರಿಸಿ, ಅವರು ಬಂದ ಹೊತ್ತಿನ ಕೂಲಿಯನ್ನೂ ಕೊಡಿ. ನೀರು, ಕಸ, ಕಟ್ಟಿಗೆ ಈ ಮೂರರಲ್ಲಿ ಏನು ಬದಲಾಗಬೇಕು ಎಂದು ಮೊದಲು ಅವರು ಹೇಳಲಿ, ಆಮೇಲೆ ನೀವು ಮಾತನಾಡಿ. ಬಂದ ಸಲಹೆಗಳನ್ನು ನಡವಳಿ ಪುಸ್ತಕದಲ್ಲಿ ಅವರ ಹೆಸರಿನೊಂದಿಗೆ ಬರೆಯಿರಿ. ಜಾತ್ರೆಯ ಅಂದಾಜು ಪಟ್ಟಿಯಲ್ಲಿ ಶಾಮಿಯಾನ, ದೀಪಾಲಂಕಾರದ ಸಾಲುಗಳ ಮೇಲೆಯೇ ಕೈಗವಸು, ಬೂಟು, ತೊಳೆಯುವ ಕಟ್ಟೆ, ಹೆಚ್ಚುವರಿ ಕೂಲಿಯ ಸಾಲುಗಳು ಇರಲಿ. ನಿರ್ಮಾಲ್ಯದ ಗೊಬ್ಬರ ಮಾಡುವುದಾದರೆ ಗುಂಡಿಗೆ ಸೂರು ಅಗತ್ಯ, ನಮ್ಮ ಮಳೆಗೆ ತೆರೆದ ಗುಂಡಿ ಗೊಬ್ಬರವಾಗುವುದಿಲ್ಲ, ಕೊಳೆತು ನಾರುತ್ತದೆ, ಅದನ್ನು ಮಗುಚುವ ಕಷ್ಟವೂ ಅವರದೇ ಆಗುತ್ತದೆ. ಆ ಸೂರಿನ ಶೀಟನ್ನು ಮೇ ತಿಂಗಳೊಳಗೆ ಹಾಕಿಸಿಬಿಡಿ. ಜೂನಿನಲ್ಲಿ ಮಳೆ ಹಿಡಿದರೆ ಆ ಕೆಲಸ ದಸರೆಯವರೆಗೆ ಮುಂದಕ್ಕೆ ಹೋಗುತ್ತದೆ.